ಕಡಲ ನಕ್ಷೆಯ ಎರಡು ತೂತು

ಕಂತು ಹನ್ನೊಂದು

"ಮೇಷ್ಟ್ರೇ, ಆ ತುದಿ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ. ಸುತ್ಕೊಳ್ತಾ ಇದೆ."

ಹಿಡಿದುಕೊಂಡೆ. ಚಾಪೆಯ ಮೇಲೆ ಹರಡಿದ್ದ ಆ ದಪ್ಪ ಕಾಗದ ನನ್ನ ಬೆರಳ ಕೆಳಗೆ ಪರಪರ ಸದ್ದು ಮಾಡಿತು.

"ಏನು ಮೇಷ್ಟ್ರೇ, ಚಳೀನಾ?"

"ಬೆಳಿಗ್ಗೆ ಶಿಡ್ಲಘಟ್ಟದಿಂದ ಸೈಕಲ್ ತುಳ್ಕೊಂಡು ಬಂದೆನಲ್ಲ, ಗಾಳಿ ಹೊಡೀತು" ಎಂದೆ.

ಹನ್ನೊಂದು ಗಂಟೆಯ ಬಿಸಿಲು ಜಗಲಿಯ ಅರ್ಧದವರೆಗೆ ಬಂದಿತ್ತು. ಅವನು ನನ್ನ ಹಣೆಯ ಬೆವರನ್ನು ಒಂದು ಗಳಿಗೆ ನೋಡಿ, ಮತ್ತೆ ನಕ್ಷೆಗೆ ಬಗ್ಗಿದ.

ನನ್ನ ಧೈರ್ಯ ಎಷ್ಟರದು ಎಂದು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹನ್ನೆರಡು ವರ್ಷ ಸರ್ಕಾರಿ ಕಚೇರಿಯ ನಕಲು ಗುಮಾಸ್ತನಾಗಿದ್ದು, ಮೇಲಿನವರೊಡನೆ ಜಗಳವಾಡಿ ಹೊರಬಿದ್ದು, ಬಜಾರ್ ರಸ್ತೆಯ ಒಂದು ಮಹಡಿಯಲ್ಲಿ 'ಚಲಪತಿ, ಖಾಸಗಿ ಪತ್ತೇದಾರ' ಎಂದು ಹಲಗೆ ತಗುಲಿಸಿಕೊಂಡು ಕೂತವನು ನಾನು. ಕಳೆದುಹೋದ ಎಮ್ಮೆ, ಓಡಿಹೋದ ಅಳಿಯ, ಇಂಥವೇ ನನ್ನ ಕೇಸುಗಳು. ಕೊಲೆಗಾರನ ಎದುರಿಗೆ ಮಂಡಿಯೂರಿ ಕೂತು ಅವನಿಗೆ ಕಾಗದ ಹಿಡಿದುಕೊಡುವ ಕೆಲಸ ಇದೇ ಮೊದಲು.

ಕೊಲೆಗಾರ ಎಂದು ಹೇಳುವವನು ನಾನೊಬ್ಬನೇ. ಎಂಟು ದಿನದ ಹಿಂದೆ ಮೇಲೂರಿನ ಈ ಮನೆಯ ಹಿಪ್ಪುನೇರಳೆ ತೋಟದ ಬಾವಿಯಲ್ಲಿ ಆವಲಪ್ಪನ ಹೆಣ ತೇಲಿದಾಗ, ಪೊಲೀಸರು ಮುದುಕ ಕಾಲು ಜಾರಿ ಬಿದ್ದ ಎಂದು ಬರೆದುಕೊಂಡು ಹೋದರು.

ಆವಲಪ್ಪ ಈ ಮನೆಯ ಯಜಮಾನಿ ಅಮ್ಮಾಜಮ್ಮನ ತಮ್ಮ. ಸಾಯುವ ಹಿಂದಿನ ಸಂಜೆ ಅಕ್ಕನ ಮಗಳು ಯಶೋದಮ್ಮನನ್ನು ಹಿತ್ತಿಲಿಗೆ ಕರೆದು ಒಂದು ಮಾತು ಹೇಳಿದ್ದ. "ಇವನು ನಮ್ಮ ಚನ್ನಕೇಶವ ಅಲ್ಲ ಕಣಮ್ಮ. ಇವನನ್ನ ನಮ್ಮ ಹೊಲದ ಬದುವಿನ ಮೇಲೆ ಯಾವಾಗಲೋ ನೋಡಿದೀನಿ. ಯಾವಾಗ ಅಂತ ನೆನಪಾಗ್ತಿಲ್ಲ."

ಚನ್ನಕೇಶವ ಅಮ್ಮಾಜಮ್ಮನ ಮಗ. ಹದಿನಾರು ವರ್ಷದವನಿದ್ದಾಗ, ೧೯೩೬ರಲ್ಲಿ, ಬೊಂಬಾಯಿಗೆ ಓಡಿಹೋಗಿ ಹಡಗು ಸೇರಿದ. ಕಷ್ಟಪಟ್ಟು ಮೇಲೆ ಬಂದು, ನಕ್ಷೆ ನೋಡಿ ಹಡಗಿಗೆ ದಾರಿ ಹೇಳುವ ಅಧಿಕಾರಿಯಾದ. ವರ್ಷಕ್ಕೊಂದು ಕಾಗದ ಬರುತ್ತಿತ್ತು. ಏಳು ವರ್ಷದಿಂದ ಅದೂ ನಿಂತಿತ್ತು. ಈ ಸಲದ ಶ್ರಾವಣದಲ್ಲಿ ಒಬ್ಬ ಮನುಷ್ಯ ಟ್ರಂಕು ಹೊತ್ತುಕೊಂಡು ಬಂದು, ಬಾಗಿಲಲ್ಲಿ ನಿಂತು "ಅಮ್ಮಾ" ಎಂದ. ಟ್ರಂಕಿನಲ್ಲಿ ಚನ್ನಕೇಶವನ ಹಡಗಿನ ನೌಕರಿ ಪುಸ್ತಕವಿತ್ತು, ಅವನ ಹೆಸರು ಕೆತ್ತಿದ ಹಿತ್ತಾಳೆ ಕೈವಾರವಿತ್ತು.

ಅಮ್ಮಾಜಮ್ಮನ ಎರಡೂ ಕಣ್ಣಿಗೆ ಪೊರೆ. ಯಶೋದಮ್ಮ ಅಣ್ಣ ಮನೆ ಬಿಟ್ಟಾಗ ಆರು ವರ್ಷದ ಕೂಸು. ಊರವರು, ಇಪ್ಪತ್ತೆರಡು ವರ್ಷದಲ್ಲಿ ಹುಡುಗ ಗಂಡಸಾದರೆ ಹೀಗೇ ಇದ್ದಾನು ಎಂದು ಸುಮ್ಮನಾದರು. ಅಲ್ಲ ಎಂದವನು ಆವಲಪ್ಪ ಒಬ್ಬನೇ.

ನಾಳೆ ಬೆಳಗಿನ ರೈಲಿಗೆ ಈ ಮನುಷ್ಯ ಅಮ್ಮಾಜಮ್ಮನನ್ನು ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾನೆ. ಒಬ್ಬನೇ. ಗಂಡ ಸತ್ತ ಮೇಲೆ ತವರಿಗೆ ಬಂದು ರೇಷ್ಮೆ ಹುಳು ಸಾಕುತ್ತಿರುವ ಯಶೋದಮ್ಮ ಜೊತೆಗೆ ಹೋಗುವಂತಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿವೆ. ಕೊನೆಯ ಸಲ ಪೊರೆ ಕಳಚಿ ಎದ್ದ ಹುಳು ಒಂದು ವಾರ ಹಗಲೂ ಇರುಳೂ ತಿನ್ನುತ್ತವೆ. ಆ ವಾರ ಸೊಪ್ಪು ಹಾಕುವ ಕೈ ಮನೆ ಬಿಟ್ಟರೆ ಬೆಳೆಯೇ ಇಲ್ಲ. ಅವನು ಸರಿಯಾಗಿ ಅದೇ ವಾರ ಆರಿಸಿದ್ದ.

"ನಮ್ಮಮ್ಮ ಹೋದ್ರೆ ವಾಪಸ್ ಬರಲ್ಲ ಅಣ್ಣ, ಹೊಲ ಮನೆ ಎಲ್ಲಾ ಅವಳ ಹೆಸರಲ್ಲೇ ಇದೆ" ಎಂದು ಯಶೋದಮ್ಮ ನನ್ನ ಮಹಡಿಯಲ್ಲಿ ಕೂತು ಅತ್ತಿದ್ದಳು. "ಅವನು ನಮ್ಮಣ್ಣ ಅಲ್ಲ ಅಂತ ನನಗೊಂದು ರುಜುವಾತು ಕೊಡಿ. ಊರೋರ್ನ ಕರೆದು ನಿಲ್ಲಿಸ್ತೀನಿ."

ಆ ರುಜುವಾತಿಗಾಗಿ ನಾನು ಇವತ್ತು ಭೂಗೋಳದ ಮೇಷ್ಟ್ರ ವೇಷ ಹಾಕಿದ್ದೆ.

ರುಜುವಾತು ಸಿಕ್ಕಿದ್ದು ಹುಳುವಿನ ತಟ್ಟೆಯಲ್ಲಿ. ಯುದ್ಧ ಮುಗಿದ ವರ್ಷದಾಚೆ ದೀಪಾವಳಿಗೆ ಚನ್ನಕೇಶವ ತಾಯಿಗೊಂದು ಸೀರೆ ಕಳಿಸಿದ್ದ. ಹಡಗಿನಲ್ಲಿ ರದ್ದಾದ ಹಳೆಯ ನಕ್ಷೆಯೊಂದರಲ್ಲಿ ಅದನ್ನು ಸುತ್ತಿದ್ದ. ಗಟ್ಟಿ ಕಾಗದ, ಬಿಸಾಡುವುದೇಕೆ ಎಂದು ಅಮ್ಮಾಜಮ್ಮ ಬಿದಿರು ತಟ್ಟೆಗೆ ಹಾಸಿದಳು. ಹನ್ನೆರಡು ವರ್ಷ ಅದರ ಮೇಲೆ ಹುಳು ಸೊಪ್ಪು ತಿಂದವು.

ಸ್ಕಾಟ್ಲೆಂಡಿನ ಬಡಗಲಿಗಿರುವ ಕಡಲು ಅದು. ನೀರಿನ ನಡುವೆ ಕೆಂಪು ಪೆನ್ಸಿಲ್ಲಿನ ಎರಡು ಗುರುತು, ಒಂದರ ಪಕ್ಕಕ್ಕೆ ಇನ್ನೊಂದು. ಚನ್ನಕೇಶವನ ಹಡಗನ್ನು ಶತ್ರುಗಳು ಮುಳುಗಿಸಿದ್ದು ಮೊದಲನೆಯ ಗುರುತಿನಲ್ಲಿ. ಆರು ದಿನ ದೋಣಿಯಲ್ಲಿ ತೇಲಿದ ಮೇಲೆ ಬೇರೆ ಹಡಗಿನವರು ಅವರನ್ನು ಎತ್ತಿಕೊಂಡದ್ದು ಎರಡನೆಯದರಲ್ಲಿ.

ಮೊನ್ನೆ ನಾನು ಆ ನಕ್ಷೆಯನ್ನು ಬಗಲಿಗಿಟ್ಟುಕೊಂಡು ಗೌರಿಬಿದನೂರಿನ ಬಸ್ಸು ಹತ್ತಿ ಅಲೀಪುರಕ್ಕೆ ಹೋಗಿದ್ದೆ. ಅಲ್ಲಿ ಅಬ್ಬಾಸ್ ಸಾಹೇಬರಿದ್ದಾರೆ. ಮೂವತ್ತು ವರ್ಷ ಹಡಗಿನ ಚುಕ್ಕಾಣಿ ಹಿಡಿದು, ಈಗ ತಮ್ಮ ಮೊಣಕಾಲು ಹಿಡಿದುಕೊಂಡು ಮಂಚದ ಮೇಲೆ ಕೂತಿರುವವರು.

ದೂರ ಎಷ್ಟು ನೋಡೋಣ ಎಂದು ನಾನು ನಕ್ಷೆಯ ಕೆಳಗಿನ ಅಂಚಿಗೆ ಕೈ ಹಾಕಿದೆ. ಅವರು ನನ್ನ ಕೈಗೆ ಪಟ್ಟನೆ ಹೊಡೆದರು.

"ಅದು ಮುಟ್ಟಬೇಡಿ ಸಾಬ್, ಮೋಸ ಅದು! ದುನಿಯಾ ಗುಂಡಗಿದೆ, ಕಾಗದ ಚಪ್ಪಟೆ. ಗುಂಡಗಿರೋದನ್ನ ಚಪ್ಪಟೆ ಮಾಡ್ಬೇಕಾದ್ರೆ ಬಡಗಲ ಕಡೆ ಎಳೀಬೇಕು, ಚಪಾತಿ ಎಳೆದಂಗೆ. ಕೆಳಗಿನ ಗೀಟು ಮೈಲಿ ಹೇಳಲ್ಲ. ಪಕ್ಕದ ಗೀಟು ಹೇಳುತ್ತೆ. ಒಂದು ಸಣ್ಣ ಗೀಟು, ಒಂದು ಕಡಲ ಮೈಲಿ. ಅದೂ ಎಲ್ಲಿ ಅಳೀತೀರೋ ಅದರ ನೇರಕ್ಕಿರೋ ಪಕ್ಕದಲ್ಲೇ ನೋಡಬೇಕು."

"ಗೊತ್ತಿಲ್ಲದೆ ಕೆಳಗೆ ಅಳೆದ್ರೆ?"

"ಈ ಕಡಲಲ್ಲಾ? ಒಂದಕ್ಕೆ ಎರಡು ಬರುತ್ತೆ. ಹಡಗು ಹೋಗಿ ಬಂಡೆಗೆ. ಹಡಗಿನೋರು ಮೊದಲನೇ ವಾರ ಕಲಿಯೋ ಪಾಠ ಇದು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ತಪ್ಪಲ್ಲ."

ನನ್ನ ಹತ್ತಿರ ಕೈವಾರ ಇರಲಿಲ್ಲ. ಒಂದೆಳೆ ರೇಷ್ಮೆ ದಾರವನ್ನು ಎರಡು ಗುರುತಿನ ನಡುವೆ ಎಳೆದು ಅಳತೆ ಹಿಡಿದು, ಪಕ್ಕದ ಅಂಚಿಗೆ ತಂದು, ಎರಡು ತುದಿಗೂ ಸೂಜಿ ಚುಚ್ಚಿ ನಿಲ್ಲಿಸಿ ಗೀಟು ಎಣಿಸಿದೆ. ನೂರ ಐವತ್ತೈದು.

ಆ ಎರಡು ಸೂಜಿಯನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತುಬಿಟ್ಟಿದ್ದೆ.

"ಹುಡುಗರಿಗೆ ಪಾಠ ಹೇಳ್ಬೇಕು ಅಂದ್ರಲ್ಲ ಮೇಷ್ಟ್ರೇ, ಸರಿಯಾಗಿ ನೋಡ್ಕೊಳ್ಳಿ" ಎಂದ, ಈಗ ಜಗಲಿಯ ಮೇಲೆ ನನ್ನೆದುರು ಕೂತಿದ್ದವನು.

ಕೈವಾರ ತೆಗೆದ. ಎರಡು ಉಕ್ಕಿನ ಮೊನೆ, ಹಿತ್ತಾಳೆಯ ಹಿಡಿ. ಒಳಗೆ ಹುಳು ಸೊಪ್ಪು ತಿನ್ನುವ ಸರಸರ ಶಬ್ದ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಯಶೋದಮ್ಮ ಹುಳುವಿನ ಕೋಣೆಯ ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು. ಅಮ್ಮಾಜಮ್ಮ ಕಂಬಕ್ಕೊರಗಿ, ಕಾಣದ ಕಣ್ಣನ್ನು ನಮ್ಮ ಕಡೆ ತಿರುಗಿಸಿಕೊಂಡು ಕೂತಿದ್ದಳು.

ಕೈವಾರದ ಮೊನೆ ನಕ್ಷೆಯ ಮೇಲೆ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಪಕ್ಕಕ್ಕೆ ಹೋಗಲಿ ದೇವರೇ ಎಂದು ನನ್ನ ಮನಸ್ಸು ಬೇಡಿಕೊಂಡಿತು. ನಿಜ ಹೇಳುತ್ತೇನೆ. ಇವನು ಚನ್ನಕೇಶವನೇ ಆಗಿದ್ದರೆ ನಾನು ಒಂದು ಲೋಟ ಕಾಫಿ ಕುಡಿದು ಮನೆಗೆ ಹೋಗಬಹುದಿತ್ತು.

ಮೊನೆ ಕೆಳಗಿನ ಅಂಚಿಗೆ ಇಳಿಯಿತು.

ಹತ್ತು ಗೀಟಿನಷ್ಟು ಅಗಲಿಸಿ, ಕೆಂಪು ಗುರುತಿನಿಂದ ಹೆಜ್ಜೆ ಹಾಕಿಸತೊಡಗಿದ. ಒಂದು, ಎರಡು, ಮೂರು. ಹತ್ತು ಹೆಜ್ಜೆಯಾದ ಮೇಲೆ ಬೆಂಕಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು ಪಕ್ಕಕ್ಕಿಟ್ಟ. ಮತ್ತೆ ಹತ್ತು, ಮತ್ತೊಂದು ಕಡ್ಡಿ.

ಆ ಕಡ್ಡಿಗಳ ಲೆಕ್ಕ ನನಗೆ ಗೊತ್ತಿದ್ದದ್ದೇ. ಹನ್ನೆರಡು ವರ್ಷ ಕಚೇರಿಯಲ್ಲಿ ನಾನು ನಕಲು ಮಾಡಿದ್ದು ಜಮೀನಿನ ನಕ್ಷೆಗಳನ್ನೇ. ಸರಪಳಿ ಹಿಡಿದು ಹೊಲ ಅಳೆಯುವವರು ಒಂದೊಂದು ಸರಪಳಿಗೆ ಒಂದೊಂದು ಕಬ್ಬಿಣದ ಕಡ್ಡಿ ನೆಡುತ್ತಾರೆ, ಹತ್ತಾದರೆ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಅವರಿಗೆ ಗೊತ್ತಿರುವ ಹಳ್ಳಿಯ ನಕ್ಷೆಯಲ್ಲಿ ಅಳತೆಪಟ್ಟಿ ಯಾವಾಗಲೂ ಕೆಳಗಿನ ಅಂಚಿನಲ್ಲೇ ಇರುತ್ತದೆ.

ಆವಲಪ್ಪ ಇವನನ್ನು ಬದುವಿನ ಮೇಲೆ ನೋಡಿದ್ದು ಏಕೆಂದು ತಿಳಿಯಿತು. ಹೊಲ ಅಳೆಯಲು ಬಂದವನು ಇವನು. ಜೀವಮಾನದಲ್ಲಿ ಕಡಲು ಕಂಡವನಲ್ಲ.

"ಮೂರು ಹತ್ತು, ಮೇಲೊಂದು. ಮುನ್ನೂರ ಹತ್ತು ಮೈಲಿ" ಎಂದು ಅವನು ಬೆನ್ನು ನೆಟ್ಟಗೆ ಮಾಡಿದ. "ಬರ್ಕೊಳ್ಳಿ ಮೇಷ್ಟ್ರೇ. ಆರು ದಿನ, ಹೊಟ್ಟೆಗಿಲ್ಲ, ನೀರಿಲ್ಲ. ಮುನ್ನೂರ ಹತ್ತು ಮೈಲಿ ತೇಲಿಕೊಂಡು ಹೋದೋ."

ಬರೆದುಕೊಂಡೆ. ಇನ್ನು ಎದ್ದು, ಕೈ ಮುಗಿದು, ಸೈಕಲ್ ಹತ್ತಿದರೆ ಮುಗಿಯಿತು. ಸಂಜೆಯೊಳಗೆ ಅಬ್ಬಾಸ್ ಸಾಹೇಬರನ್ನೂ ಊರ ಹಿರಿಯರನ್ನೂ ಕರೆದುಕೊಂಡು ಬಂದರೆ ನಾಳಿನ ರೈಲಿಗೆ ಅಮ್ಮಾಜಮ್ಮ ಹತ್ತುವುದಿಲ್ಲ.

ಆಗ ಕಂಬದ ಬುಡದಿಂದ ಅಮ್ಮಾಜಮ್ಮ ಮಾತಾಡಿದಳು.

"ಮುನ್ನೂರ ಹತ್ತೇನಪ್ಪ? ಕಾಗದದಾಗೆ ನೂರೈವತ್ತೈದು ಅಂತ ಬರೆದಿದ್ದೆಯಲ್ಲ ನೀನು."

ಸೊಪ್ಪಿನ ಬುಟ್ಟಿ ಯಶೋದಮ್ಮನ ಕೈಯಿಂದ ಜಾರಿ ಕೆಳಗೆ ಬಿತ್ತು.

"ಯಾವ ಕಾಗದ ಅಮ್ಮ?" ಎಂದ ಅವನು. ದನಿ ಮೆತ್ತಗೇ ಇತ್ತು.

"ಸೀರೆ ಜೊತೆ ಬಂದಿದ್ದು. ಗೆದ್ದಲು ತಿಂದು ಹಾಕ್ತು, ಪಾಪ. ಆವಲಪ್ಪ ನಂಗೆ ಅದನ್ನ ಎಷ್ಟು ಸತಿ ಓದಿ ಹೇಳಿದ್ದ! ನೂರೈವತ್ತೈದು ಮೈಲಿ ಅಮ್ಮ, ನಮ್ಮೂರಿಂದ ಮೈಸೂರಿಗೆ ಹೋಗಿ ಇನ್ನೂ ಮುಂದಕ್ಕೆ ಹೋದಷ್ಟು ದೂರ ಅಂತ ಬರೆದಿದ್ದೆ."

"ಓ, ಅದಾ" ಎಂದು ಅವನು ನಕ್ಕ. "ಅವತ್ತು ಲೆಕ್ಕ ತಪ್ಪಿರ್ಬೇಕಮ್ಮ. ಆಸ್ಪತ್ರೇಲಿ ಮಲಕ್ಕೊಂಡು ಬರೆದಿದ್ದು."

ನಗು ಮುಗಿದರೂ ಅವನ ಹಲ್ಲು ಕಾಣುತ್ತಲೇ ಇತ್ತು. ಕಣ್ಣು ಅಮ್ಮನ ಕಡೆ ಇರಲಿಲ್ಲ, ನನ್ನ ಕಡೆ ಇತ್ತು.

"ನೀವೂ ಒಂದು ಸತಿ ಅಳೆದು ನೋಡಿ ಮೇಷ್ಟ್ರೇ. ನಾಳೆ ಹುಡುಗರ ಮುಂದೆ ತಡಬಡಾಯಿಸಬಾರದಲ್ಲ."

ಕೈವಾರವನ್ನು ನನ್ನ ಕಡೆ ಚಾಚಿದ, ಮೊನೆ ಮುಂದಾಗಿ.

ತೆಗೆದುಕೊಂಡೆ. ಪಕ್ಕದ ಅಂಚಿನ ಹತ್ತಿರ ನನ್ನ ಕೈ ಹೋದರೂ ಸಾಕು, ನಾನು ಯಾಕೆ ಬಂದವನು ಎಂದು ಅವನಿಗೆ ಗೊತ್ತಾಗುತ್ತದೆ. ಆವಲಪ್ಪನ ಬಾವಿ ಈ ಜಗಲಿಯಿಂದ ಇಪ್ಪತ್ತು ಮಾರಿನಾಚೆ. ನಾನು ಏನೂ ಅರಿಯದ ದಡ್ಡನಂತೆ ಕೆಳಗಿನ ಅಂಚಿನಲ್ಲೇ ಹತ್ತು ಗೀಟು ಹಿಡಿದು, ತುಟಿ ಅಲ್ಲಾಡಿಸುತ್ತ ಮೂವತ್ತೊಂದು ಹೆಜ್ಜೆ ಎಣಿಸಿದೆ. ನಡುವೆ ಎರಡು ಸಲ ತಪ್ಪಿತು. ಅದು ನಟನೆಯಲ್ಲ.

"ಮುನ್ನೂರ ಹತ್ತೇ ಸಾರ್" ಎಂದೆ.

"ಹತ್ತೇ" ಎಂದ ಅವನು. ಅವನ ಹೆಗಲು ಸ್ವಲ್ಪ ಇಳಿಯಿತು. ಗೆದ್ದೆ ಅಂದುಕೊಂಡೆ.

ಕೈವಾರವನ್ನು ಚಾಪೆಯ ಮೇಲಿಟ್ಟೆ. ಅವನು ನಕ್ಷೆಯನ್ನು ಸುತ್ತುವುದಕ್ಕೆಂದು ಎರಡೂ ಕೈಯಲ್ಲಿ ಎತ್ತಿ, ಹುಳುವಿನ ಹಿಕ್ಕೆ ಉದುರಲಿ ಎಂದು ಒಮ್ಮೆ ಕೊಡವಿದ. ಬಿಸಿಲು ನಕ್ಷೆಯ ಹಿಂದಿನಿಂದ ಬರುತ್ತಿತ್ತು.

ಕೊಡವಿದ ಕೈ ಹಾಗೇ ನಿಂತಿತು.

"ಮೇಷ್ಟ್ರೇ, ಇಲ್ಲಿ ಬನ್ನಿ. ಇದೇನು ಕಾಣ್ತಾ ಇದೆ ನೋಡಿ."

ಹೋದೆ. ನಕ್ಷೆಯ ಬಲಗಡೆಯ ಅಂಚಿನಲ್ಲಿ, ಮೇಲೊಂದು ಕೆಳಗೊಂದು, ಎರಡು ತೂತಿನಲ್ಲಿ ಬಿಸಿಲು ಹೊಳೆಯುತ್ತಿತ್ತು.

"ಹುಳ ಕೊರೆದಿರಬೇಕು" ಎಂದೆ.

"ರೇಷ್ಮೆ ಹುಳ ಕಾಗದ ಕೊರೆಯಲ್ಲ ಮೇಷ್ಟ್ರೇ." ಅವನು ಬೆರಳಿನಿಂದ ಅಂಚನ್ನು ಸವರಿದ. "ಇಲ್ಲಿ ಹಳೇ ತೂತುಗಳೂ ಇವೆ. ಪಕ್ಕದುದ್ದಕ್ಕೂ ಚುಚ್ಚಿದಾರೆ. ಅವೆಲ್ಲ ಕೊಳೆ ತುಂಬಿ ಮುಚ್ಕೊಂಡಿವೆ. ಈ ಎರಡು ಮಾತ್ರ ಹೊಸಾವು."

ನಕ್ಷೆಯನ್ನು ಮತ್ತೆ ಹರಡಿದ. ನನ್ನನ್ನು ಹಿಡಿದುಕೊಳ್ಳಿ ಎಂದು ಈ ಸಲ ಕೇಳಲಿಲ್ಲ. ಪಂಚೆಯ ಅಂಚಿನಿಂದ ಒಂದು ದಾರ ಕಿತ್ತು ಎರಡು ತೂತಿನ ನಡುವೆ ಅಳೆದ, ಅದೇ ದಾರವನ್ನು ಎರಡು ಕೆಂಪು ಗುರುತಿನ ನಡುವೆ ಇಟ್ಟ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆ ಪಕ್ಕದ ಗೀಟುಗಳನ್ನು ಕೆಳಗಿನ ತೂತಿನಿಂದ ಮೇಲಿನ ತೂತಿನವರೆಗೆ ಒಂದೊಂದಾಗಿ ಎಣಿಸಿದ. ಅವಸರವೇ ಇಲ್ಲ. ಹತ್ತಕ್ಕೊಂದು ಕಡ್ಡಿ. ಹದಿನೈದು ಕಡ್ಡಿ ಚಾಪೆಯ ಮೇಲೆ ಸಾಲಾದವು.

"ನೂರ ಐವತ್ತೈದು" ಎಂದ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಬಗೆಹರಿಯದ ಲೆಕ್ಕವೊಂದು ಬಗೆಹರಿದಾಗ ಜಾಣ ವಿದ್ಯಾರ್ಥಿಯ ಮುಖ ಅರಳುತ್ತದಲ್ಲ, ಹಾಗೆ ಅರಳಿತ್ತು.

"ಪಕ್ಕದಲ್ಲಿ ಅಳೀಬೇಕು" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಪಾಠ ಕಲಿಸಿಕೊಟ್ಟಿದ್ದಕ್ಕೆ ದೊಡ್ಡ ಉಪಕಾರ ಆಯ್ತು ಮೇಷ್ಟ್ರೇ. ನಿಮ್ಮ ಸ್ಕೂಲು ಯಾವುದು ಅಂದ್ರಿ?"

ಬೆಳಿಗ್ಗೆ ಹೇಳಿದ ಸ್ಕೂಲಿನ ಹೆಸರೇ ನೆನಪಿಗೆ ಬರಲಿಲ್ಲ.

ಅವನು ಉತ್ತರಕ್ಕೆ ಕಾಯಲೂ ಇಲ್ಲ. "ಯಶೋದಾ, ಅಮ್ಮನ ಎರಡು ಸೀರೆ ಗಂಟು ಕಟ್ಟಮ್ಮ. ನಾಳೆ ತನಕ ಯಾಕೆ ಕಾಯೋದು? ಇವತ್ತೇ ಹೊರಡ್ತೀವಿ."

"ಅಣ್ಣಯ್ಯ, ಇವತ್ತು ಬೇಡ..." ಎಂದಳು ಯಶೋದಮ್ಮ. "ನಾನೂ ಬರ್ತೀನಿ. ಹುಳು ಹಾಳಾಗ್ ಹೋಗ್ಲಿ."

"ನೀನು ಬರಬ್ಯಾಡ ಕಣೇ" ಎಂದಳು ಅಮ್ಮಾಜಮ್ಮ. ಅಷ್ಟು ಗಡುಸಾದ ದನಿ ಆ ಮುದುಕಿಯದೇ ಎಂದು ನನಗೆ ಆಶ್ಚರ್ಯವಾಯಿತು. "ಹುಳು ಉಪವಾಸ ಕೆಡವಿದ್ರೆ ಪಾಪ ಸುತ್ಕೊಳ್ತದೆ. ಹೋಗು, ಸೀರೆ ಕಟ್ಟು."

ಅವನು ಗಾಡಿ ಮುನಿಗಂಗಪ್ಪನನ್ನು ಕೂಗಿ ಕರೆದು, ಟ್ರಂಕು ತರಲು ಒಳಗೆ ಹೋದ. ಯಶೋದಮ್ಮ ಅಳುತ್ತ ಹಿಂದೆ ಹೋದಳು. ಜಗಲಿಯ ಮೇಲೆ ನಾನು ಮತ್ತು ಮುದುಕಿ ಇಬ್ಬರೇ.

ನಾನು ಅವಳ ಹತ್ತಿರ ಕೂತು ಪಿಸುಗುಟ್ಟಿದೆ. "ಅಮ್ಮ, ಹೋಗಬೇಡಿ. ಅವನು ನಿಮ್ಮ ಮಗ ಅಲ್ಲ."

"ಬಂದ ದಿವಸಾನೇ ಗೊತ್ತು ಕಣಪ್ಪ."

ನಾನು ಕೇಳಿದ್ದು ನಿಜವೇ ಎಂದು ಅವಳ ಮುಖ ನೋಡಿದೆ. ಪೊರೆ ಕವಿದ ಕಣ್ಣು ಬೀದಿಯ ಬೆಳಕಿನ ಕಡೆಗಿತ್ತು.

"ಹೆತ್ತೋಳಿಗೆ ಕಣ್ಣು ಬೇಕೇನಪ್ಪ? ಕೈ ಹಿಡಿದಾಗಲೇ ಗೊತ್ತಾಯ್ತು. ಆದ್ರೆ ಕೇಳು. ಬಂದ ಹೊಸದರಾಗೆ ಇವನಿಗೆ ಏನೂ ನೆಪ್ಪಿರಲಿಲ್ಲ. ತಲೆಗೆ ಏಟು ಬಿದ್ದಿತ್ತು ಅಂದ. ಭಾನುವಾರ ಭಾನುವಾರ ಚಿಂತಾಮಣಿಗೆ ಹೋಗ್ತಾನೆ, ಪಂಡಿತರ ಔಷಧಿ ಅಂತಾನೆ. ಬಂದಮೇಲೆ ಒಂದೊಂದೇ ನೆಪ್ಪಾಗ್ತದೆ."

ಇದನ್ನು ಯಶೋದಮ್ಮ ನನಗೆ ಮೊದಲೇ ಹೇಳಿದ್ದಳು. ಆ ಔಷಧಿಯ ಮಾತೇ ನನ್ನ ಅನುಮಾನವನ್ನು ಎರಡು ದಿನ ಕೆಡಿಸಿಟ್ಟಿತ್ತು.

"ಹೋದ ಶನಿವಾರ ನಾನು ಬೇಕಂತಲೇ ಒಂದು ಸುಳ್ಳು ಹೇಳ್ದೆ. ನೀನು ಚಿಕ್ಕೋನಿದ್ದಾಗ ಬಾವಿಗೆ ಬಿದ್ದಿದ್ದೆಯಲ್ಲ ಮಗ ಅಂದೆ. ಹೂಂ ಕಣಮ್ಮ ಅಂದ. ಭಾನುವಾರ ಚಿಂತಾಮಣಿಗೆ ಹೋಗಿ ಬಂದು, ಬಾವಿ ಅಲ್ಲಮ್ಮ, ಕೆರೆ ಕೋಡಿ, ನಿನ್ನ ಸೆರಗು ಹಿಡ್ಕೊಂಡು ಮೇಲೆ ಬಂದೆ ಅಂದ."

ಅವಳ ದನಿ ಮೊದಲ ಬಾರಿಗೆ ಒಡೆಯಿತು.

"ಅದು ಸತ್ಯ ಕಣಪ್ಪ. ಯಜಮಾನ್ರು ಹೊಡೀತಾರೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಆವಲಪ್ಪನಿಗೊಬ್ಬನಿಗೆ ಗೊತ್ತಿತ್ತು, ಅವನು ಅಷ್ಟರಾಗೆ ಸತ್ತು ಹೋಗಿದ್ದ. ಇನ್ನ ಗೊತ್ತಿರೋರು ಇಬ್ಬರೇ. ನಾನು, ನನ್ನ ಮಗ."

ಚನ್ನಕೇಶವ ಬದುಕಿದ್ದಾನೆ. ಯಾರದೋ ಹಿಡಿತದಲ್ಲಿ ಕೂತು, ಭಾನುವಾರಕ್ಕೊಂದು ನೆನಪನ್ನು ಈ ಮನುಷ್ಯನಿಗೆ ಒಪ್ಪಿಸುತ್ತಿದ್ದಾನೆ.

"ಪೊಲೀಸರಿಗೆ ಹೇಳೋಣಮ್ಮ, ಈಗಲೇ..."

"ಇವನನ್ನ ಹಿಡಿದು ಹಾಕ್ತಾರೆ. ಇವನು ಬಾಯಿ ಮುಚ್ಕೋತಾನೆ. ಅಲ್ಲಿ ನನ್ನ ಮಗನಿಗೆ ಅನ್ನ ಹಾಕೋರು ಯಾರಪ್ಪ?"

ನಾನು ಒಳಬಾಗಿಲ ಕಡೆ ನೋಡಿದೆ. ಅವಳು ದನಿ ಇನ್ನೂ ತಗ್ಗಿಸಿದಳು.

"ನೂರೈವತ್ತೈದು ಅಂತ ಬಾಯಿ ತಪ್ಪಿ ಅಂದೆ ಅಂತ ತಿಳ್ಕೊಂಡ್ಯಾ? ಅವನು ಹೆದರ್ಲಿ ಅಂತಲೇ ಅಂದೆ. ಹೆದರಿದ ಕಳ್ಳ ಮೊದಲು ಓಡೋದು ಬಚ್ಚಿಟ್ಟಿರೋ ಕಡೇಗೇ. ಬೆಂಗಳೂರಿಗೆ ಹೋಗ್ತಾನೋ, ಚಿಂತಾಮಣಿಗೆ ಹೋಗ್ತಾನೋ ನೀನೇ ನೋಡು."

ಒಳಗೆ ಹೆಜ್ಜೆ ಸದ್ದಾಯಿತು. ಅಮ್ಮಾಜಮ್ಮ ನೆಲ ತಡವುತ್ತ, ಚಾಪೆಯ ಮೇಲೆ ಕೈಯಾಡಿಸುತ್ತ ಎದ್ದಳು. ಕಾಣದವರು ಏಳುವಾಗ ಹಾಗೇ ತಡಕಾಡುತ್ತಾರೆ ಎಂದು ನಾನು ಏನೂ ಯೋಚಿಸಲಿಲ್ಲ.

ಅವನು ಟ್ರಂಕನ್ನು ಜಟಕಾ ಗಾಡಿಗೆ ಹಾಕಿ, ಅವಳ ರಟ್ಟೆ ಹಿಡಿದು ಹತ್ತಿಸಿದ. ನಿಜವಾದ ಮಗನೂ ಅಷ್ಟು ಜೋಪಾನ ಮಾಡುತ್ತಿರಲಿಲ್ಲವೇನೋ. ಯಶೋದಮ್ಮ ಬಾಗಿಲ ಚೌಕಟ್ಟು ಹಿಡಿದು ಬಿಕ್ಕುತ್ತಿದ್ದಳು.

"ಬರ್ತೀನಿ ಮೇಷ್ಟ್ರೇ. ವಾಪಸ್ ಬಂದಮೇಲೆ ನಿಮ್ಮ ಸ್ಕೂಲಿಗೇ ಬರ್ತೀನಿ" ಎಂದ ಅವನು.

ಗಾಡಿ ಹೊರಟಿತು. ನಾನು ಗೋಡೆಗೊರಗಿಸಿದ್ದ ಸೈಕಲ್ಲಿಗೆ ಓಡಿದೆ. ಗಾಳಿ ಹೋಗಿ ಎರಡು ಚಕ್ರವೂ ನೆಲಕ್ಕೆ ಅಂಟಿಕೊಂಡಿದ್ದವು. ವಾಲ್‌ಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು.

"ಅಣ್ಣ, ಕೈವಾರ ಎಲ್ಲಿ?" ಎಂದಳು ಯಶೋದಮ್ಮ ಜಗಲಿಯಿಂದ.

ಚಾಪೆಯ ಮೇಲೆ ನಕ್ಷೆ ಇತ್ತು, ಹದಿನೈದು ಕಡ್ಡಿ ಇದ್ದವು. ಕೈವಾರ ಇರಲಿಲ್ಲ. ಆ ಎರಡು ಉಕ್ಕಿನ ಮೊನೆ ಅವನ ಜೇಬಿನಲ್ಲಿವೆ, ಪಕ್ಕದಲ್ಲಿ ಕುರುಡು ಮುದುಕಿ ಕೂತಿದ್ದಾಳೆ ಎಂದುಕೊಂಡು ನಾನು ಗಾಡಿಯ ಹಿಂದೆ ಓಡಿದೆ. ಹೆದರಿಕೆಯಲ್ಲಿ ನಾನು ಇಷ್ಟು ಜೋರಾಗಿ ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಊರ ಮುಂದಿನ ತಿರುವಿನಲ್ಲಿ ಕುದುರೆ ನಿಂತಿತು. ಮುನಿಗಂಗಪ್ಪ ಹಿಂದಕ್ಕೆ ತಿರುಗಿ ತೆಲುಗಿನಲ್ಲಿ ಕೇಳಿದ. "ಟೇಸನ್‌ಕೇನಾ ಸಾಮಿ?"

"ಬೇಡ" ಎಂದ ಅವನು. "ಚಿಂತಾಮಣಿ ಬಸ್ಸು ನಿಲ್ಲೋ ಕಡೆ ಹೊಡಿ."

ಗಾಡಿ ಹೊರಳಿತು. ಹಿಂದಿನ ಕಟಾಂಜನಕ್ಕೆ ಒರಗಿ ಕೂತಿದ್ದ ಅಮ್ಮಾಜಮ್ಮನ ಮೇಲೆ ಬಿಸಿಲು ಬಿತ್ತು. ಅವಳ ಬಲಗೈ ಸೆರಗಿನೊಳಗೆ ಏನನ್ನೋ ಬಿಗಿಯಾಗಿ ಹಿಡಿದುಕೊಂಡಿತ್ತು. ಸೆರಗು ಗಾಳಿಗೆ ಒಂದಿಷ್ಟು ಸರಿದಾಗ, ಅಲ್ಲಿ ಎರಡು ಉಕ್ಕಿನ ಮೊನೆ ಮಿಂಚಿದವು.